ರಿಗೆ ಬಂತು, ಹತ್ತಿ!

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರಿಗೆ ಎರಡು ಭಯ. ಬಸ್ಸು ಬಾರದೇ ಹೋದರೆ ಎಂಬುದು ಒಂದು. ಅದಕ್ಕಿಂತ ಮೊದಲು ಡಿಕ್ಷನರಿ ಮೇಷ್ಟ್ರು ಬಂದುಬಿಟ್ಟರೆ ಎಂಬುದು ಇನ್ನೊಂದು.

ತಿಪಟೂರು, ತುಮಕೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹೀಗೆ ನಾಲ್ಕು ಕಡೆಯ ಜನ ಇಲ್ಲಿ ಇಳಿದು ಹತ್ತುತ್ತಾರೆ. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ತರಗತಿ ಎಲ್ಲಿ ಸಿಗಬೇಕು? ಹಾಜರಿ ಕರೆಯಬೇಕಿಲ್ಲ. ಬಸ್ಸು ಬರುವ ತನಕ ಒಬ್ಬರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಬಿಳಿ ಪಂಚೆ, ಬಗಲಲ್ಲಿ ಕೊಡೆ, ಕೈಚೀಲದಲ್ಲಿ ರಟ್ಟು ಕಿತ್ತುಹೋದ ನಿಘಂಟು. ಟೀ ಅಂಗಡಿಯ ಬೆಂಚಿನ ಒಂದು ತುದಿ ಅವರದು. ಅವರು ಬಂದು ಕೂತರೆ ಇನ್ನೊಂದು ತುದಿಯವನು ಮೆಲ್ಲಗೆ ಏಳುತ್ತಾನೆ.

ಮೊನ್ನೆ ಸಿಕ್ಕಿಬಿದ್ದವನು ಒಬ್ಬ ಹುಡುಗ.

"ತುರುವೇಕೆರೆ ಬಸ್ ಹೋಯ್ತಾ ಸಾ?"

"ಬಸ್ ಅಂದ್ರೇನು ಗೊತ್ತೇನಯ್ಯಾ?"

ಹುಡುಗ ಪಾಪ, ರಸ್ತೆ ಕಡೆ ಕೈ ತೋರಿಸಿದ.

"ಅದಲ್ಲ ಕಣಯ್ಯ. ಅದರ ಪೂರ್ತಿ ಹೆಸರು ಆಮ್ನಿಬಸ್. ಲ್ಯಾಟಿನ್ನಿನಲ್ಲಿ 'ಎಲ್ಲರಿಗೆ' ಅಂತ ಅರ್ಥ. ಇಂಗ್ಲಿಷರು ಅವಸರದ ಜನ, 'ಎಲ್ಲ' ಅನ್ನೋದನ್ನ ಬಿಸಾಕಿ 'ರಿಗೆ' ಮಾತ್ರ ಇಟ್ಕೊಂಡ್ರು. ಚತುರ್ಥೀ ವಿಭಕ್ತಿ! ಬೆಳಗಿಂದ ನೀನು ಕಾಯ್ತಾ ಇರೋದು ಒಂದು ಪ್ರತ್ಯಯಕ್ಕೆ."

ಅಷ್ಟರಲ್ಲಿ ಪ್ರತ್ಯಯ ಬಂತು, ಎರಡು ನಿಮಿಷ ನಿಂತಿತು, ತುರುವೇಕೆರೆ ಕಡೆ ಹೊರಟೂ ಹೋಯಿತು. ಅಂದಿನಿಂದ ಟೀ ಅಂಗಡಿಯವನು ಬಸ್ಸು ಕಂಡರೆ "ರಿಗೆ ಬಂತು, ಹತ್ತಿ!" ಎಂದೇ ಕೂಗುತ್ತಾನೆ. ಇದನ್ನು ಮೇಷ್ಟ್ರು ಗೇಲಿ ಎಂದುಕೊಳ್ಳದೆ ವಿದ್ಯಾಪ್ರಸಾರ ಎಂದುಕೊಂಡಿದ್ದಾರೆ.

ನಾನೂ ಅವರ ಶಿಷ್ಯನೇ. 'ರೆಸೀಪ್ಟ್' ಎಂದು ಓದಿ ಬೆಂಚಿನ ಮೇಲೆ ನಿಂತವನು. "ಅಲ್ಲಿ 'ಪಿ' ಮಲಗಿದೆ, ಯಾಕೋ ಎಬ್ಬಿಸ್ತೀಯ?" ಎಂದು ಗದರಿದ್ದರು. ಉಚ್ಚಾರಣೆಯಲ್ಲಿ ಇಲ್ಲದ ಆ ಅಕ್ಷರವನ್ನು ಪಂಡಿತರು ಬೇಕೆಂದೇ ಸೇರಿಸಿದರಂತೆ, ಪದ ಲ್ಯಾಟಿನ್ ಮನೆತನದ್ದು ಎಂದು ತೋರಿಸಿಕೊಳ್ಳಲು. ನಮ್ಮ ಪಡಸಾಲೆಯಲ್ಲಿ ಪಟೇಲರಾಗಿದ್ದ ಮುತ್ತಜ್ಜನ ಫೋಟೊ ತೂಗುಹಾಕುವುದಿಲ್ಲವೇ, ಹಾಗೆ. 'ಡೆಟ್' ಎಂಬುದರ 'ಬಿ' ಕತೆಯೂ ಅದೇ. ಆದರೆ ಮೇಷ್ಟ್ರ ವ್ಯಾಖ್ಯಾನ ಬೇರೆ: "ಸಾಲದ ಮಾತು ಬಂದಾಗ ಬಾಯಿ ಬಿಡದೆ ಕೂರೋನು ಅದರೊಳಗೇ ಒಬ್ಬ ಇದ್ದಾನೆ." ಟೀ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಆ 'ಬಿ' ಯಾರೆಂಬುದು ಕ್ರಾಸಿಗೆಲ್ಲ ಗೊತ್ತು.

ಇಂಗ್ಲಿಷ್ ನಮ್ಮ ಸೀಮೆಗೆ ಹೊರಗಿನದು ಎಂದರೆ ಅವರಿಗೆ ಆಗುವುದಿಲ್ಲ. ಕೂಡಲೇ ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಕಡೆ ಕೊಡೆ ತಿರುಗುತ್ತದೆ. ಬಿ.ಎಂ.ಶ್ರೀ. ಹುಟ್ಟಿದ್ದು ಅಲ್ಲಿ, 1884ರಲ್ಲಿ. ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಲೇ 'ಇಂಗ್ಲಿಷ್ ಗೀತಗಳು' ಕೊಟ್ಟು ಕನ್ನಡ ಕಾವ್ಯದ ದಾರಿ ತಿರುಗಿಸಿದವರು. "ಈ ನೀರಲ್ಲೇ ಇಂಗ್ಲಿಷ್ ಇದೆ ಕಣಯ್ಯ" ಎನ್ನುತ್ತಾರೆ ಮೇಷ್ಟ್ರು. ನಲವತ್ತು ವರ್ಷದಿಂದ ಅದೇ ನೀರು ಕುಡಿಯುತ್ತಿರುವ ನನ್ನ ಇಂಗ್ಲಿಷನ್ನು ಮಾತ್ರ ಅವರು ಉದಾಹರಣೆಗೆ ತೆಗೆದುಕೊಳ್ಳುವುದಿಲ್ಲ.

ಅವರ ದೊಡ್ಡ ಜಗಳ ಕೊಬ್ಬರಿಯದು. ಇಂಗ್ಲಿಷಿನ 'ಕಾಪ್ರಾ' ನಮ್ಮ ಅಟ್ಟದ ಮೇಲಿಂದ ಇಳಿದ ಪದ ಎನ್ನುವುದು ಯಾರ ಕಿವಿಗಾದರೂ ಗೊತ್ತಾಗುತ್ತದೆ. ನಿಘಂಟು ತೆಗೆದರೆ ಮಲಯಾಳದ 'ಕೊಪ್ಪರ' ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಹೋಯಿತು ಎಂದಿದೆ. ನಾರಿನ 'ಕಾಯರ್' ಕೂಡ ಮಲಯಾಳದ್ದೇ, ಅಲ್ಲಿ ಕಯರ್ ಎಂದರೆ ಹಗ್ಗ. ಅಡಿಕೆ 'ಅರೆಕಾ' ಆದದ್ದೂ ಆ ಕರಾವಳಿಯಲ್ಲೇ. ಈ ಮೂರೂ ಪುಟಗಳಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಎಳೆದಿದ್ದಾರೆ. "ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ. ಅವನ ಹಡಗು ಸೀದಾ ಕ್ರಾಸಿಗೆ ಬಂದಿದ್ದರೆ ಇವತ್ತು ಎಲ್ಲ ಡಿಕ್ಷನರೀಲೂ 'ಫ್ರಂ ಕನ್ನಡ' ಅಂತ ಇರ್ತಿತ್ತು!" ಹಡಗು ನಿಲ್ಲಿಸಲು ಜಾಗ ಎಲ್ಲಿದೆ ಎಂದು ಕೇಳಿದ ಆಟೋದವನ ಹತ್ತಿರ ಅವರು ಒಂದು ವಾರ ಮಾತಾಡಲಿಲ್ಲ.

ತೆಂಗಿನಕಾಯಿಯ ವಿಷಯದಲ್ಲಿ ಮಾತ್ರ ಅವರ ಸಿಟ್ಟು ನನಗೂ ನ್ಯಾಯ ಅನ್ನಿಸುತ್ತದೆ. ಪೋರ್ಚುಗೀಸರಿಗೆ 'ಕೋಕೊ' ಎಂದರೆ ಹಲ್ಲು ಕಿರಿದ ಮುಖ, ಮಕ್ಕಳನ್ನು ಹೆದರಿಸುವ ಗುಮ್ಮ. ಕಾಯಿಯ ಮೂರು ಕಣ್ಣು ನೋಡಿ ನಮ್ಮವರು ಮುಕ್ಕಣ್ಣನನ್ನು ಕಂಡರು, ಅವರು ಗುಮ್ಮನನ್ನು ಕಂಡರು. ಮೇಲಿಂದ ಸ್ಯಾಮ್ಯುಯಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಈ ಕೋಕೊವನ್ನೂ ಚಾಕೊಲೇಟಿನ ಕೋಕೋವನ್ನೂ ಒಂದೇ ಕಡೆ ತುರುಕಿದ. ಅಲ್ಲಿಂದ ಬಹುಕಾಲ ತೆಂಗಿನಕಾಯಿಯ ಕಾಗುಣಿತಕ್ಕೆ ಒಂದು ಹೆಚ್ಚಿನ 'ಎ' ಅಂಟಿಕೊಂಡಿತು. "ತೋಟ ಇಲ್ಲದವರು ಡಿಕ್ಷನರಿ ಬರೆದರೆ ಇದೇ ಗತಿ."

ಮೇಷ್ಟ್ರಿಗೆ ತೋಟವಿದೆ. ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಿ, ನೀರಿಂಗಿ, ಅಲುಗಿಸಿದರೆ ಒಳಗೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿ ವರ್ಷಕ್ಕೆ ಒಂದಷ್ಟು ಚೀಲ ಆಗುತ್ತದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿದಾಗ ಅವರೂ ಪಹಣಿ ಹಿಡಿದು ನೋಂದಣಿಗೆ ನಿಂತರು. ನಿಂತಲ್ಲೇ ಶುರುವಾಯಿತು: "ಕ್ಯೂ ಅಂದ್ರೆ ಫ್ರೆಂಚಿನಲ್ಲಿ ಬಾಲ." ಹಿಂದಿನಿಂದ ಯಾರೋ ಕೇಳಿದರು, "ಬಾಲ ಗೊತ್ತಾಯ್ತು ಸಾ, ದನ ಎಲ್ಲೈತೆ?"

ಅದಕ್ಕೂ ಹಿಂದೊಮ್ಮೆ ತಿಪಟೂರಿನ ಮಂಡಿಯಲ್ಲಿ ನಡೆದದ್ದು ಇನ್ನೂ ಚೆಂದ. ಮೇಷ್ಟ್ರು ಮಂಡಿಯವರಿಗೆ ಹೇಳಿದರು, "ಹರಾಜಿನ ಆಕ್ಷನ್ ಅನ್ನೋ ಪದ ಲ್ಯಾಟಿನ್ನಿಂದ ಬಂದದ್ದು. ಅದರ ಅರ್ಥ ಏರಿಕೆ."

"ಲ್ಯಾಟಿನ್ನಲ್ಲಿ ಏರಲಿ ಬುಡಿ ಮೇಷ್ಟ್ರೇ, ಇಲ್ಲಿ ಇಳೀತಾ ಐತೆ" ಎಂದ ಮಂಡಿಯವನು ಒಂದು ರೇಟು ಹೇಳಿದ.

ಮೇಷ್ಟ್ರು ಎದ್ದು ನಿಂತರು. ಅದೇ ಗಳಿಗೆಗೆಂದು ಮೂವತ್ತು ವರ್ಷ ಕಾಪಿಟ್ಟಿದ್ದ ಅಸ್ತ್ರ ತೆಗೆದರು: "ಇದು ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್!" ಇಂಗ್ಲಿಷಿನಲ್ಲಿ 29 ಅಕ್ಷರ. ಉಣ್ಣೆಯ ಎಳೆ, ಹೊಟ್ಟು, ಏನೂ ಇಲ್ಲ, ಕೂದಲು ಎಂಬ ನಾಲ್ಕು ಲ್ಯಾಟಿನ್ ಮಾತನ್ನು ಪೋಣಿಸಿ ಮಾಡಿದ್ದು. ಒಂದು ವಸ್ತುವನ್ನು ಕವಡೆ ಕಿಮ್ಮತ್ತಿಲ್ಲದ್ದು ಎಂದು ಎಣಿಸುವುದಕ್ಕೆ ಈ ಹೆಸರು. ಮಂಡಿಯವನು ಗಾಬರಿಯಾಗಿ ಗುಮಾಸ್ತನನ್ನು ಕೇಳಿದ, "ಏನ್ಲಾ ಅದು, ಹೊಸಾ ಟ್ಯಾಕ್ಸಾ?" ರೇಟು ಮಾತ್ರ ಅಲ್ಲಾಡಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಆಕೆ ಒಲೆಯ ಮುಂದಿನಿಂದಲೇ, "ತಾತ್ಸಾರ ಅಂದಿದ್ರೆ ಮೂರಕ್ಷರದಲ್ಲಿ ಮುಗೀತಿತ್ತಲ್ಲ, ಬಸ್ಸಾದ್ರೂ ಸಿಕ್ತಿತ್ತು" ಎಂದರಂತೆ.

ಇಂಥ ಮೇಷ್ಟ್ರನ್ನು ಕೊನೆಗೆ ಕಟ್ಟಿಹಾಕಿದವನು ಅವರದೇ ತೋಟದಲ್ಲಿ ಕಾಯಿ ಕೀಳುವ ಆಳು. ಮೊನ್ನೆ ಅಂಗಡಿಯಲ್ಲಿ ಒಂದು ಹೋಳು ಕೊಬ್ಬರಿ ಬೆಲ್ಲದ ಜೊತೆ ಕಡಿಯುತ್ತ, "ಸಾ, ಗಿಟುಕಿಗೆ ಇಂಗ್ಲೀಸಲ್ಲಿ ಏನಂತಾರೆ?" ಎಂದ.

ಮೇಷ್ಟ್ರು ನಿಘಂಟು ತೆಗೆದರು, ಮುಚ್ಚಿದರು. ಕೊಡೆ ಮರೆತು ಮನೆಗೆ ಹೋದರು. ಮೂರು ದಿನ ಪತ್ತೆ ಇಲ್ಲ. ಕಿಟ್ಟೆಲರ 1894ರ ನಿಘಂಟನ್ನೂ ಜಾಲಾಡುತ್ತಿದ್ದಾರೆ ಎಂದು ಸುದ್ದಿ ಬಂತು. ಕ್ರಾಸಿನಲ್ಲಿ ಜನ ನಿಶ್ಚಿಂತೆಯಿಂದ ಬಸ್ಸು ಹತ್ತಿದರು.

ನಾಲ್ಕನೆಯ ದಿನ ಮೇಷ್ಟ್ರು ನಗುನಗುತ್ತ ಬಂದು ಬೆಂಚಿನ ತುದಿಗೆ ಕೂತರು. "ಗಿಟುಕಿಗೆ ಗಿಟುಕು ಅಂತಲೇ ಕಣಯ್ಯ. ಸ್ವಲ್ಪ ಕಾಯಬೇಕು. ಕೊಬ್ಬರಿ ತಗೊಂಡು ಹೋದವರು ಗಿಟುಕು ಬಿಡ್ತಾರಾ? ಈ ಸಲ ಮಾತ್ರ 'ಫ್ರಂ ಕನ್ನಡ' ಅಂತಲೇ ಬರೀಬೇಕು."

"ಬಂದರು ಇಲ್ವಲ್ಲ ಮೇಷ್ಟ್ರೇ" ಎಂದ ಟೀ ಅಂಗಡಿಯವನು.

"ಕ್ರಾಸ್ ಇದೆಯಲ್ಲೋ!"