ಸ್ಪ್ರೇ ಮೇಷ್ಟ್ರು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನಲ್ಲಿ ಅಂತರ ಕಾಲೇಜು ಕಬಡ್ಡಿ ಎಲ್ಲೇ ನಡೆಯಲಿ, ಇವರು ತಪ್ಪದೆ ಸಿಗುತ್ತಾರೆ. ಅಂಕಣದ ಗೆರೆಯಾಚೆ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಕೊರಳಲ್ಲಿ ವಿಷಲ್, ತೊಡೆಯ ಮೇಲೆ ಜಿಪ್ ಕೆಟ್ಟ ಬ್ಯಾಗು, ಬಲಗೈಯಲ್ಲಿ ನೋವಿನ ಸ್ಪ್ರೇ ಡಬ್ಬಿ. ನೆರೆದವರೆಲ್ಲ ರೈಡರನ ಕೈ ಯಾರನ್ನು ಮುಟ್ಟಿತೆಂದು ನೋಡುತ್ತಿದ್ದರೆ ಇವರೊಬ್ಬರು ಅವನ ಮಂಡಿ ಎತ್ತ ತಿರುಗಿತೆಂದು ನೋಡುತ್ತಿರುತ್ತಾರೆ. ಹುಡುಗರ ಬಾಯಲ್ಲಿ ಇವರು ಸ್ಪ್ರೇ ಮೇಷ್ಟ್ರು. ಎದುರಿಗೆ ಮಾತ್ರ ‘ಸಾ’.

ಮೇಷ್ಟ್ರು ಬಿ.ಪಿ.ಇಡಿ. ಮುಗಿಸಿ, ಪಟಿಯಾಲದ ಕ್ರೀಡಾ ಸಂಸ್ಥೆಯ ಆರು ವಾರದ ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಿಕೊಂಡು ಕಾಲೇಜಿಗೆ ಬಂದವರು. ನೇಮಕ ತಾತ್ಕಾಲಿಕ. ದೈಹಿಕ ಶಿಕ್ಷಣ ನಿರ್ದೇಶಕರು ಬೇರೆ ಇದ್ದಾರೆ. ಕುರ್ಚಿಯೂ ಬೀರುವಿನ ಬೀಗದ ಕೈಯೂ ಅವರದು. ‘ನನ್ನ ಕೆಲಸ ಏನು ಸಾರ್?’ ಎಂದು ಮೊದಲ ದಿನ ಕೇಳಿದ್ದಕ್ಕೆ ಪ್ರಿನ್ಸಿಪಾಲರು, ‘ಆಟದ ಕಡೆ ನೋಡ್ಕಳಪ್ಪ’ ಎಂದರು. ಸುಣ್ಣದ ಪುಡಿಯಲ್ಲಿ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ ಬರೆಯುವುದು, ಆಗಸ್ಟ್ 15ಕ್ಕೆ ಬಾವುಟದ ಗಂಟು ಹಾಕುವುದು, ವಾರ್ಷಿಕೋತ್ಸವದಲ್ಲಿ ಊಟದ ಸಾಲು ನೇರ ಮಾಡುವುದು ಎಲ್ಲವೂ ಆಟದ ಕಡೆಗೇ ಬರುತ್ತವೆ ಎಂದು ಆಮೇಲೆ ತಿಳಿಯಿತು. ಉಳುಕಿದ ಕಾಲು ನೋಡುವುದು ಇವೆಲ್ಲ ಮುಗಿದ ಮೇಲೆ. ಅಮೆರಿಕದ ಕಾಲೇಜುಗಳಲ್ಲಿ ಈ ಕೆಲಸದವರನ್ನು ಅಥ್ಲೆಟಿಕ್ ಟ್ರೈನರ್ ಅನ್ನುತ್ತಾರೆ, 1950ರಲ್ಲೇ ತಮ್ಮದೊಂದು ರಾಷ್ಟ್ರೀಯ ಸಂಘ ಕಟ್ಟಿಕೊಂಡಿದ್ದಾರೆ ಎಂದು ಒಮ್ಮೆ ಕ್ಯಾಂಟೀನಿನಲ್ಲಿ ಹೇಳಿದರು. ಇತಿಹಾಸದ ಮೇಷ್ಟ್ರು ಟೀ ಹೀರುತ್ತಾ ಕೇಳಿದರು: ‘ಅಲ್ಲೂ ಸಂಬಳ ಲೇಟಾ?’

ಸ್ಪ್ರೇ ಮೇಲೆ ಊರಿಗಿರುವ ನಂಬಿಕೆ ಮೇಷ್ಟ್ರಿಗಿಲ್ಲ. ಅದು ಚರ್ಮವನ್ನು ಒಂದಷ್ಟು ಹೊತ್ತು ಮರಗಟ್ಟಿಸುತ್ತದೆಯೇ ಹೊರತು ಒಳಗೆ ಹರಿದ ಲಿಗಮೆಂಟನ್ನು ಹೊಲಿಯುವುದಿಲ್ಲ ಎಂದು ಬಲ್ಲರು. ಆದರೆ ಜನ 2014ರಿಂದ ಟೀವಿಯಲ್ಲಿ ಪ್ರೊ ಕಬಡ್ಡಿ ನೋಡಿದ್ದಾರೆ. ಬಿದ್ದವನ ಮೇಲೆ ಬುಸ್ಸೆಂದು ಹೊಗೆ ಏಳದಿದ್ದರೆ ಹುಡುಗನ ಮಾವಂದಿರು ಬಿಡುತ್ತಾರೆಯೇ? ‘ಹೊಡಿಯಪ್ಪ, ಯಾಕ್ ಉಳಿಸ್ತೀಯ, ನಿಮ್ಮಪ್ಪನ ಮನೇದಾ?’ ಹೀಗಾಗಿ ಸದ್ದು ಜೋರಾಗಿ ಬಂದು ಔಷಧಿ ಕಮ್ಮಿ ಖರ್ಚಾಗುವ ಒಂದು ಕೋನವನ್ನು ಮೇಷ್ಟ್ರು ಅಭ್ಯಾಸ ಮಾಡಿಕೊಂಡಿದ್ದಾರೆ.

ಊತಕ್ಕೆ ಐಸು ಬೇಕು. ಕಾಲೇಜಿನಲ್ಲಿ ಫ್ರಿಜ್ ಇರುವುದು ಲ್ಯಾಬಿನಲ್ಲಿ, ಅದರ ಕೀಲಿ ಇರುವುದು ರಜೆಯಲ್ಲಿರುವವರ ಜೇಬಿನಲ್ಲಿ. ಪುಣ್ಯಕ್ಕೆ ಇದು ಕಬ್ಬಿನ ಸೀಮೆ, ಗೇಟಿನ ಮುಂದೆ ಕಬ್ಬಿನಹಾಲಿನ ಗಾಡಿ ಇದ್ದೇ ಇರುತ್ತದೆ. ಗೋಣಿಚೀಲದೊಳಗಿನ ಗಡ್ಡೆಯಿಂದ ಒಂದು ಚೂರು ಒಡೆಸಿಕೊಂಡು ‘ರಸೀತಿ ಕೊಡಣ್ಣ’ ಅಂದರೆ, ಅವನಿಗೆ ಬರೆದು ರೂಢಿಯಿರುವುದು ಒಂದೇ: ‘ಕಬ್ಬಿನಹಾಲು, 12 ಲೋಟ.’ ತಂಡದಲ್ಲಿ ಅಂಕಣಕ್ಕಿಳಿಯುವವರು ಏಳೇ ಜನ, ಉಳಿದ ಐದು ಲೋಟ ಯಾರು ಕುಡಿದರು ಎಂದು ಆಡಿಟ್‌ನವರ ಆಕ್ಷೇಪಣೆ. ಏಟು ಬಿದ್ದರೆ ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲು ಎತ್ತರಕ್ಕೆ ಎಂಬ ಸೂತ್ರ ಕೊಟ್ಟವರು ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್, 1978ರಲ್ಲಿ. ಮೂರೂವರೆ ದಶಕ ಕಳೆದ ಮೇಲೆ, ಐಸಿನಿಂದ ವಾಸಿಯಾಗುವುದು ತಡವಾಗಬಹುದು ಎಂದು ಅವರೇ ಮಾತು ಬದಲಿಸಿದರು. ಈ ಸಮಾಚಾರ ಮೇಷ್ಟ್ರಿಗೆ ಗೊತ್ತು. ಯಾರಿಗೂ ಹೇಳಿಲ್ಲ. ಐಸಿನ ಬಿಲ್ಲು ಪಾಸಾಗಿರುವುದೇ ಈಗ.

ಏಟು ದೊಡ್ಡದಾದರೆ ಆಸ್ಪತ್ರೆಯ ದಿಕ್ಕು ತಿಳಿದಿರಬೇಕು. ಶ್ರೀರಂಗಪಟ್ಟಣದವನಾದರೆ ಮೈಸೂರು, ನಾಗಮಂಗಲದವನಾದರೆ ಬಿ.ಜಿ. ನಗರ. ಪಾಂಡವಪುರದವನಾದರೆ ಮಂಡ್ಯವೋ ಮೈಸೂರೋ ಎಂದು ನೆಂಟರ ವಾದ ಮುಗಿಯಬೇಕು. ಕೆ.ಆರ್. ಪೇಟೆಯವನಾದರೆ ವಾದಕ್ಕೆ ಚನ್ನರಾಯಪಟ್ಟಣವೂ ಸೇರಿಕೊಳ್ಳುತ್ತದೆ. ಅಷ್ಟರಲ್ಲಿ ಮೇಷ್ಟ್ರು ರಟ್ಟಿನ ಡಬ್ಬ ಕತ್ತರಿಸಿ, ಮುರಿದ ಕೈಗೆ ಆನಿಸಿ, ಅಲುಗದಂತೆ ಕ್ರೇಪ್ ಬ್ಯಾಂಡೇಜು ಸುತ್ತಿ ಮುಗಿಸಿರುತ್ತಾರೆ. ‘ಯಾರ್ರೀ ಕಟ್ಟಿದ್ದು? ಚೆನ್ನಾಗಿ ಕಟ್ಟಿದಾರೆ’ ಎಂದು ಆಸ್ಪತ್ರೆಯಲ್ಲಿ ಯಾರಾದರೂ ಅಂದರೆ ಆ ವರ್ಷದ ಇನ್‌ಕ್ರಿಮೆಂಟು ಅದೇ.

ಕಾಲೇಜಿನ ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಖುದ್ದಾಗಿ ಬರುತ್ತಿದ್ದ ಕಾಲದಲ್ಲಿ ಆ ವಾರ ಮಾತ್ರ ಮೇಷ್ಟ್ರಿಗೆ ಸುಗ್ಗಿ. ಮುರಿದ ಬೆಂಚು ತುಂಬಿದ್ದ ಕೋಣೆಗೆ ರಾತ್ರೋರಾತ್ರಿ ಸುಣ್ಣ ಬಳಿದು ‘ಕ್ರೀಡಾ ಗಾಯ ಚಿಕಿತ್ಸಾ ಕೇಂದ್ರ’ ಎಂಬ ಬೋರ್ಡು ಹಾಕುತ್ತಿದ್ದರು. ಎನ್ಎಸ್ಎಸ್‌ನ ಗಟ್ಟಿಮುಟ್ಟಾದ ಹುಡುಗನೊಬ್ಬ ಮಂಚದ ಮೇಲೆ ನರಳುತ್ತಾ ಫೋಟೊಕ್ಕೆ ಮಲಗುತ್ತಿದ್ದ. ತಂಡ ಹೋದ ಮಾರನೆಯ ದಿನ ಬೆಂಚುಗಳು ವಾಪಸ್ಸು.

ಮೇಷ್ಟ್ರ ಕಸುಬು ಕಾಣುವುದು ಫೈನಲ್ಲಿನ ಕೊನೆಯ ಐದು ನಿಮಿಷದಲ್ಲಿ. ತಂಡ ಎರಡು ಪಾಯಿಂಟು ಹಿಂದಿದೆ. ಇರುವ ಒಬ್ಬ ಒಳ್ಳೆಯ ರೈಡರನ ಪಾದವನ್ನು ಎದುರಾಳಿ ಕಾರ್ನರ್‌ನವನು ಹಿಡಿದು ತಿರುಚಿದ್ದಾನೆ. ಕಣಕಾಲು ಆಗಲೇ ಬಾತಿದೆ. ‘ಸಾ, ಒಂದೇ ಒಂದ್ ಸಲ ಬುಸ್ ಅನ್ನಿಸಿ, ಆಡ್ಬುಡ್ತೀನಿ.’ ನಿರ್ದೇಶಕರು ಕಣ್ಣಲ್ಲೇ ಹೂಂ ಅನ್ನುತ್ತಾರೆ. ಊರಿನ ಹಿರಿಯರು ‘ಏನಾಗಿಲ್ಲ ಬುಡು, ಎದ್ದೇಳ್ಲಾ’ ಅನ್ನುತ್ತಾರೆ. ಬೇಡ ಎಂದರೆ ಕೇಳುವವರು ಅಲ್ಲಿ ಯಾರೂ ಇಲ್ಲ. ಮೇಷ್ಟ್ರು ಬ್ಯಾಗಿಗೆ ಕೈ ಹಾಕಿ ಡಬ್ಬಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಮುಖ ಸಪ್ಪಗೆ ಮಾಡಿ ಹೇಳುತ್ತಾರೆ: ‘ಖಾಲಿ.’

ಬ್ಯಾಗಿನಲ್ಲಿ ಯಾವಾಗಲೂ ಎರಡು ಡಬ್ಬಿ ಇರುತ್ತವೆ. ಖಾಲಿಯದನ್ನು ಅವರು ಎಂದೂ ಎಸೆಯುವುದಿಲ್ಲ.

ಪಂದ್ಯ ಸೋತು ಬಂದ ತಂಡ ಬಸ್ಸಿನುದ್ದಕ್ಕೂ ಬೈಯುವುದು ಮೇಷ್ಟ್ರನ್ನು. ಮೇಷ್ಟ್ರು ‘ಮೂರು ವಾರ ಓಡಬ್ಯಾಡ ಕಣ್ಲಾ’ ಎಂದು ಹೇಳಿ ಹುಡುಗನನ್ನು ಊರಲ್ಲಿ ಇಳಿಸುತ್ತಾರೆ. ಮನೆಯವರು ಆ ಸಂಜೆಯೇ, ಹುಟ್ಟುವಾಗ ಕಾಲು ಮುಂದಾಗಿ ಬಂದ ಅಜ್ಜಿಯೊಬ್ಬರ ಬಳಿ ಕರೆದೊಯ್ಯುತ್ತಾರೆ. ಅಂಥವರು ಒದ್ದರೆ ಉಳುಕು ಬಿಡುತ್ತದೆ ಎಂದು ನಂಬಿಕೆ. ಅಜ್ಜಿ ಮೂರು ಸಲ ಒದ್ದು, ಹುಣಸೆಹಣ್ಣು ಉಪ್ಪು ಕಾಯಿಸಿ ಪಟ್ಟು ಹಾಕಿ, ‘ಮೂರು ವಾರ ಹೊಸ್ತಿಲು ದಾಟಿದ್ರೆ ನೋಡು’ ಅನ್ನುತ್ತಾರೆ. ಹುಡುಗ ದಾಟುವುದಿಲ್ಲ.

ನಾಲ್ಕನೆಯ ವಾರ ಮೈದಾನಕ್ಕೆ ಓಡಿಕೊಂಡೇ ಬಂದವನು ಎಲ್ಲರೆದುರು ಹೇಳಿದ: ‘ನೋಡಿ ಸಾ, ನಿಮ್ ಕೈಲಾಗ್ದಿದ್ದು ಅಜ್ಜಿ ಕಾಲಲ್ಲಿ ಆಯ್ತು.’

ಮೇಷ್ಟ್ರು ಸುಣ್ಣದ ಪುಡಿ ಹಾಕುತ್ತಾ ತಲೆ ಎತ್ತದೆ ಅಂದರು: ‘ನಾನ್ ಹೇಳಿದ್ದೂ ಅದ್ನೇ ಕಣ್ಲಾ. ಒದೀನಿಲ್ಲ ಅಷ್ಟೆ.’