ಅಳಿಲು ಪಡೆಗೆ ಹೊಸ ಭರ್ತಿ

ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಆಡುವವರಲ್ಲಿ ಎರಡು ಪಂಗಡ. ಗೆಲ್ಲಲೆಂದೇ ಡೆಕ್ ಕಟ್ಟುವವರು ಒಂದು, ನನ್ನಂಥ ಅಳಿಲು ಭಕ್ತರು ಇನ್ನೊಂದು. 1993ರಲ್ಲಿ ಈ ಆಟ ಹೊರತಂದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ನಮ್ಮನ್ನು ಲೆಕ್ಕಕ್ಕೆ ಹಿಡಿದಿರಲಾರರು.

2024ರಲ್ಲಿ ಬ್ಲೂಂಬರೋ ಎಂಬ ಹೊಸ ಕಾರ್ಡ್ ಸೆಟ್ ಬಂತು. ಮನುಷ್ಯರೇ ಇಲ್ಲದ, ಬರೀ ಪ್ರಾಣಿಗಳ ಲೋಕ. ಅರ್ಜಿ ಹಾಕಿದ ಅಳಿಲುಗಳನ್ನೆಲ್ಲ ಸಂದರ್ಶನಕ್ಕೆ ಕರೆದೆ. ನಮ್ಮ ಹಾಲಿ ದಳಪತಿ 2021ರ ಚಾಟರ್‌ಫ್ಯಾಂಗ್: ನಮ್ಮ ಕಡೆ ಎಷ್ಟು ಟೋಕನ್ (ಡೆಕ್ಕಿನಲ್ಲಿರದೆ ಆಟದ ನಡುವೆ ಹುಟ್ಟುವ ತುಣುಕು) ಹುಟ್ಟಿದರೂ ಜತೆಗೆ ಅಷ್ಟೇ ಅಳಿಲುಗಳನ್ನು ಹುಟ್ಟಿಸುವ ಮಹಾಶಯ. ಹಾಗಾಗಿ ಕಮೀಲಿಯಾಳನ್ನು ಕಂಡೊಡನೆ ಕಣ್ಣರಳಿತು. ಮೂರು ಮನಾ (ಕಾರ್ಡ್ ಆಡಲು ತೆರುವ ಶಕ್ತಿ) ತೆತ್ತರೆ 3/3, ಅಂದರೆ ಬಲ ಮೂರು, ತಾಳಿಕೆ ಮೂರು. ಉಳಿದ ಅಳಿಲುಗಳಿಗೆಲ್ಲ ಮೆನೆಸ್, ಅಂದರೆ ಒಂದೊಂದನ್ನು ತಡೆಯಲೂ ಇಬ್ಬಿಬ್ಬರು ಬೇಕು. ಮೇಲಾಗಿ ಫುಡ್ ಟೋಕನ್ ಬಲಿಕೊಟ್ಟರೆ ಅಳಿಲೊಂದು ಹುಟ್ಟುತ್ತದೆ. ದಳಪತಿ ಪಕ್ಕದಲ್ಲಿದ್ದರಂತೂ ಊಟ ಬಡಿಸುವಾಗ ಒಂದು ಅಳಿಲು, ಎಲೆ ಎತ್ತುವಾಗ ಎರಡು! ತಕ್ಷಣ ನೇಮಕ.

ಮುಂದಿನ ಅಭ್ಯರ್ಥಿ ವ್ಯಾಲಿ ರಾಟ್‌ಕಾಲರ್ ಎಂಬ ಅಳಿಲು ದಾಳಿಗಿಳಿದರೆ ಎದುರಾಳಿಗಳ ಪ್ರಾಣ ಹೀರುತ್ತದೆ, ಜತೆಗಿರುವ ಅಳಿಲುಗಳ ಸಂಖ್ಯೆಗೆ ತಕ್ಕಂತೆ. ಬಾವಲಿ, ಹಲ್ಲಿ, ಇಲಿಗಳೂ ಎಣಿಕೆಗೆ ಸೇರುತ್ತವೆ; ಪಕ್ಕಾ ಸಮ್ಮಿಶ್ರ ಸರ್ಕಾರ. ಇರಲಿ, ಬಾ.

ತಾಪತ್ರಯವೆಂದರೆ ನಾನಾಡುವ ಕಮಾಂಡರ್ ಎಂಬ ಮಾದರಿಯಲ್ಲಿ ಡೆಕ್ಕಿಗೆ ನೂರೇ ಕಾರ್ಡು. ಯಾರನ್ನು ಕಳಿಸುವುದು? 1999ರ ಡಿರೇಂಜ್ಡ್ ಹರ್ಮಿಟ್‌ಗೆ ಐದು ಮನಾ ಸುರಿಯಬೇಕು, ಉಳಿಸಿಕೊಳ್ಳಲು ಮುಂದಿನ ಸರದಿಯಲ್ಲಿ ಮತ್ತೆ ಐದು. ಸಾಲದ್ದಕ್ಕೆ ಆಸಾಮಿ ಅಳಿಲೇ ಅಲ್ಲ, ಎಲ್ಫ್. ಆದರೆ ಬರುವಾಗ ನಾಲ್ಕು ಅಳಿಲು ಕರೆತರುವ ಮುದುಕನನ್ನು ಹೊರದಬ್ಬಲು ಮನಸ್ಸಾದರೂ ಹೇಗೆ ಬಂದೀತು? ಎರಡು ಫಾರೆಸ್ಟ್ ಕಾರ್ಡ್ ಕಿತ್ತು ಜಾಗ ಮಾಡಿದೆ. ಅಳಿಲುಗಳೆಲ್ಲ ಬಂದ ಮೇಲೆ ಕಾಡು ಯಾಕೆ?