ತಲೆ ಮೇಲೆ ಹಾರುವ ಪಾಠ

ಪಕ್ಕದ ಮನೆಯ ಅಜ್ಜಿ ಮೊಮ್ಮಗನ ಎಂಟನೇ ಕ್ಲಾಸಿನ ಪುಸ್ತಕದ ಮೇಲೆ ಮೊಬೈಲ್ ಹಿಡಿದು ಕೂತಿದ್ದರು. ಪಾಠದ ಪಕ್ಕ ಅಚ್ಚಾದ ಕ್ಯೂಆರ್ ಕೋಡಿಗೆ ದೀಕ್ಷಾ ಆ್ಯಪ್ ಹಿಡಿದರೆ ವಿಡಿಯೋ ಬರಬೇಕು. ಅಜ್ಜಿ ಹಿಡಿದಿದ್ದು ಫೋನ್‌ಪೇ. ನನ್ನ ಕಂಡವರೇ, "ನೋಡಪ್ಪಾ, ಸ್ಕೂಲಿಗೆ ಎಷ್ಟು ಹಾಕ್ಬೇಕು ಅಂತಾನೇ ತೋರಿಸ್ತಿಲ್ಲ" ಅಂದರು. ಅವರದೇನು ತಪ್ಪು ಬಿಡಿ. ಸೊಪ್ಪಿನ ತಳ್ಳುಗಾಡಿಯಿಂದ ದೇವಸ್ಥಾನದ ಹುಂಡಿವರೆಗೆ ಆ ಚೌಕಳಿ ಕಂಡಲ್ಲೆಲ್ಲ ದುಡ್ಡು ತೆತ್ತ ಜೀವ.

ಹುಡುಗನ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡೂ ಇದೆ. ಧೂಳು ಕೂರಬಾರದೆಂದು ಹೂವಿನ ಬಟ್ಟೆಯ ಗವಸು ಹೊಲಿಸಿದ್ದಾರೆ. ಇನ್ಸ್‌ಪೆಕ್ಷನ್ ದಿನ ಗವಸು ತೆಗೆಯುತ್ತಾರೆ, ಥೇಟ್ ಹಬ್ಬಕ್ಕೆ ಅಟ್ಟದಿಂದ ಬೆಳ್ಳಿ ಲೋಟ ಇಳಿಸಿದ ಹಾಗೆ.

ಪಾಠವನ್ನು ದೂರದಿಂದ ತರಿಸುವ ಚಪಲ ನಮಗೆ ಹೊಸದಲ್ಲ. 2004ರಲ್ಲಿ ಇಸ್ರೋ ಎಜುಸ್ಯಾಟ್ ಅನ್ನೋ ಉಪಗ್ರಹವನ್ನೇ ಹಾರಿಸಿತು. ಸುಮಾರು 36,000 ಕಿ.ಮೀ. ಮೇಲಿಂದ ಚಾಮರಾಜನಗರದ ಶಾಲೆಗಳಿಗೆ ಪಾಠ ಇಳಿಯಿತು. ಕೊರೊನಾ ಕಾಲಕ್ಕೆ ಚಂದನ ವಾಹಿನಿಯಲ್ಲಿ 'ಸಂವೇದ' ಬಂತು. ಶಾಲೆಗೆ ಬೀಗ ಬಿದ್ದಾಗ ಕೈಹಿಡಿದದ್ದು ಅದು, ಗೇಲಿ ಮಾಡಲಾರೆ. ಆದರೆ ನಮ್ಮ ಬೆಂಗಳೂರಿನ ವಿಮಾನಪುರದಲ್ಲಿ ಕೂತು ಆಕಾಶದ ಪಾಠಕ್ಕೆ ಅಷ್ಟು ದೂರ ಕತ್ತೆತ್ತಬೇಕೆ ಸ್ವಾಮಿ?

ವಿಮಾನ ಕಟ್ಟುವ ಎಚ್‌ಎಎಲ್ ಇಲ್ಲಿ ಬೀಡುಬಿಟ್ಟದ್ದು 1940ರಲ್ಲಿ. ಮಾರುತ್ ಜೆಟ್ 1961ರಲ್ಲಿ, ತೇಜಸ್ 2001ರಲ್ಲಿ ಮೊದಲು ಮೇಲೆದ್ದದ್ದು ಇಲ್ಲಿಂದಲೇ. ಮಾರುತ್ ಹಾರಿಸಿದ ಸುರಂಜನ್ ದಾಸ್ ಹೆಸರಿನ ರಸ್ತೆಯಲ್ಲಿ ನಾವೀಗ ಟ್ರಾಫಿಕ್ಕಿಗೆ ಸಿಕ್ಕಿ ಗಾಲಿ ಅಲುಗದೆ ನಿಂತಿರುತ್ತೇವೆ, ಅದು ಬೇರೆ ಮಾತು.

ನಮ್ಮ ಕಾಲಕ್ಕೆ ವಿಮಾನ ಹೋದರೆ ಮೇಷ್ಟ್ರ ಬಾಯಿ ತೆರೆದಲ್ಲೇ ನಿಲ್ಲುತ್ತಿತ್ತು. ನಮಗೆ ಅರ್ಧ ನಿಮಿಷ ರಜ. ಆ ರಜಕ್ಕೂ ಈಗ ಈ ಹುಡುಗನ ವಿಜ್ಞಾನದ ಮಿಸ್ಸು ಕಲ್ಲು ಹಾಕಿದ್ದಾರೆ. ಸದ್ದು ಕೇಳಿದ್ದೇ ತಡ, ಎಲ್ಲರೂ ಅಂಗಳಕ್ಕೆ. ಕಣ್ಣು ಮುಚ್ಚಿ, ಸದ್ದು ಬರೋ ಕಡೆ ಬೆರಳು ಮಾಡಿ. ಈಗ ಕಣ್ಣು ಬಿಡಿ. ಬೆರಳ ತುದಿಯಲ್ಲಿ ವಿಮಾನವೇ ಇಲ್ಲ! ಸದ್ದಿಗೆ ಒಂದು ಕಿ.ಮೀ. ಬರಲು ಸುಮಾರು ಮೂರು ಸೆಕೆಂಡು ಬೇಕು. ಅಷ್ಟರಲ್ಲಿ ವಿಮಾನ ಜಾಗ ಖಾಲಿ ಮಾಡಿರುತ್ತದೆ. ಇಷ್ಟಕ್ಕೆಲ್ಲ ಮಿಸ್ಸು ಬಳಸೋದು ಮೊಬೈಲಿನ ರೆಕಾರ್ಡರ್ ಒಂದೇ. ಕ್ಲಾಸಿಗೆ ಬಂದು ಮತ್ತೆ ಹಾಕುತ್ತಾರೆ: ಹತ್ತಿರ ಬರುವಾಗ ಕೀರಲು, ದಾಟಿ ಹೋಗುವಾಗ ದಪ್ಪ. ಹುಡುಗರು ಬಾಯಲ್ಲೇ "ಈಈ... ಊಊ" ಅಂತ ಹಾರಿಸಿ, ಸ್ವರ ಇಳಿದ ಹಾಗೆ ಸೀಮೆಸುಣ್ಣದಲ್ಲಿ ಗೀಟು ಇಳಿಸುತ್ತಾರೆ. ಗೀಟು ಎಳೆಯೋದು ಮಾತ್ರ ನೆಲದ ಮೇಲೆ. ಬೋರ್ಡಿನ ಗವಸು ತೆಗೆಯೋ ಹಾಗಿಲ್ಲವಲ್ಲ.

ಮೋಡ ಮುಚ್ಚಿ ವಿಮಾನ ಏಳದ ದಿನ ಹುಡುಗ ಮುಖ ಊದಿಸಿಕೊಂಡು ಮನೆಗೆ ಬರುತ್ತಾನೆ. ನಿನ್ನೆಯೂ ಹಾಗೇ ಬಂದ. ಅಜ್ಜಿ ಕೇಳಿದರು: "ಯಾಕೋ ಮಗಾ, ನೆಟ್‌ವರ್ಕ್ ಇರ್ಲಿಲ್ವಾ?"